ಏಳನೇ ಖೋಲಿಯ ತಾಟು

ಮೊದಲ ತುತ್ತು ಬಾಯಿಗಿಟ್ಟ ಕ್ಷಣಕ್ಕೇ ಗೋವಿಂದರಾಜನ ಎರಡೂ ಕಿವಿಗಳಿಂದ ಹೊಗೆ ಹೊರಟಿತು. ಬೇಳೆಯ ದಾಲ್ಚಾದಲ್ಲಿ ಉಪ್ಪು ಬಿದ್ದಿರಲಿಲ್ಲ. ಉಪ್ಪಿನಲ್ಲಿ ಒಂದಿಷ್ಟು ದಾಲ್ಚಾ ಬಿದ್ದಿತ್ತು. ಅರಬ್ಬೀ ಸಮುದ್ರವನ್ನು ಕುದಿಸಿ, ಬತ್ತಿಸಿ, ತಳ ಕೆರೆದು ಬಡಿಸಿದ್ದರೂ ಇಷ್ಟು ಉಪ್ಪಾಗುತ್ತಿರಲಿಲ್ಲ. ನಾಲಿಗೆ ಸುರುಳಿ ಸುತ್ತಿಕೊಂಡು ಗಂಟಲ ಕಡೆ ಓಡಿತು. ಎಪ್ಪತ್ತೊಂದು ವರ್ಷದ ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳೂ ಒಮ್ಮೆಲೇ ಜುಮ್ಮೆಂದವು.

ಎದುರಿನ ಮೇಜಿಗೆ ಮೊಣಕೈ ಊರಿಕೊಂಡು ಹೋಟೆಲಿನ ಹೊಸ ಮಾಲೀಕ ಶರಣಕುಮಾರ ಅವನ ಗಂಟಲನ್ನೇ ನೋಡುತ್ತಿದ್ದ. ತುತ್ತು ಇಳಿಯುತ್ತದೋ ಹೊರಬರುತ್ತದೋ ಎಂದು.

"ಹೆಂಗಾಗೇತ್ರಿ ಕಾಕಾ?"

ಗೋವಿಂದರಾಜ ನುಂಗಿದ. ಮೀಸೆ ಒರೆಸಿಕೊಂಡ. ತನ್ನ ಜೀವಮಾನದಲ್ಲಿ ಯಾರಿಗೂ ತೋರಿಸದಿದ್ದ ಒಂದು ನಗುವನ್ನು ತೋರಿಸಿದ.

"ವಾಹ್! ಇಂಥಾ ದಾಲ್ಚಾ ಹುಟ್ಟಿದಾಗಿಂದ ಉಂಡಿಲ್ಲ ನೋಡ. ಕಳಕಪ್ಪಾ, ಇನ್ನೊಂದು ಸೌಟು ಹಾಕು."

ಮಾಣಿ ಕಳಕಪ್ಪ ಇನ್ನೊಂದು ಸೌಟು ಸುರಿದ. ಶರಣಕುಮಾರನ ಮುಖ ಒಲೆಯ ಮೇಲೆ ಮರೆತುಬಿಟ್ಟ ರೊಟ್ಟಿಯಂತೆ ಕರ್ರಗಾಯಿತು. ಗೋವಿಂದರಾಜ ಕೊನೆಯ ಅಗುಳಿನ ತನಕ ಉಂಡು, ತಾಟನ್ನು ಬೆರಳಿನಿಂದ ಬಳಿದು, ಬೆರಳನ್ನು ನೆಕ್ಕಿ, ಎದ್ದು ಏಳನೇ ಖೋಲಿಗೆ ಹೋಗಿ, ಬಾಗಿಲ ಅಗುಳಿ ಹಾಕಿಕೊಂಡು ಒಂದು ಕೊಡ ನೀರು ಕುಡಿದ. ಕೊಡ ಎಂದರೆ ಚೊಂಬಲ್ಲ, ಕೊಡ.

ರಾಹತ್ ಮಂಜಿಲ್ ಎಂದರೆ ಬಸ್‌ಸ್ಟ್ಯಾಂಡ್ ಹಿಂದಿನ ತಗಡಿನ ಲಾಡ್ಜಲ್ಲ. ನಿಜಾಮನ ಕಾಲದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಕುದುರೆಯಿಂದ ಇಳಿದು ಬೆನ್ನು ಚಾಚಲೆಂದು ಕಟ್ಟಿದ ಮಹಲು. ಅದರ ಗೋಡೆಗೆ ಒಳಗಿನಿಂದ ಹೊಡೆದ ಮೊಳೆ ಹೊರಗೆ ತಲೆ ಹಾಕಬೇಕಾದರೆ ಮೂರು ತಲೆಮಾರು ಹಿಡಿಯುತ್ತದೆ. ಕೊಪ್ಪಳದ ಕೋಟೆ ಗುಡ್ಡ ಹತ್ತಿ ಕೂತದ್ದೇ ಈ ಗೋಡೆಗಳಿಗೆ ನಾಚಿಕೊಂಡು. ಈಗ ಮಾತ್ರ ಮಹಲಿನ ಮಹಲುತನ ಒಂದೊಂದಾಗಿ ಉದುರುತ್ತಿತ್ತು. ಮಹಡಿಯ ಊಟದ ಹಾಲಿನಲ್ಲಿ ನಲವತ್ತು ದೀಪಗಳ ಗಾಜಿನ ಗೊಂಚಲು ತೂಗುತ್ತಿತ್ತು; ನಲವತ್ತು ದೀಪಗಳ ಜಾಗದಲ್ಲಿ ನಲವತ್ತು ಪಾರಿವಾಳಗಳು ಸಂಸಾರ ಹೂಡಿದ್ದವು. ಗೋಡೆಯ ಜಿಂಕೆಗೆ ಒಂದೇ ಕೊಂಬು. ಮೂರನೇ ಖೋಲಿಯಲ್ಲಿ ಸಿಂಹದ ಪಾದಗಳಿರುವ ಸ್ನಾನದ ತೊಟ್ಟಿ ಇತ್ತು. ಅದರಲ್ಲಿ ಮಲಗಿದ ಒಬ್ಬ ಸ್ಥೂಲಕಾಯದ ಗುತ್ತಿಗೆದಾರನನ್ನು ಎತ್ತಲು ಎರಡು ಜೊತೆ ಎತ್ತು ಕಟ್ಟಬೇಕಾಯಿತು.

ಆದರೆ ಊಟ! ಊಟದ ವಿಷಯದಲ್ಲಿ ಮಾತ್ರ ಒಂದು ಎಳೆಯೂ ಸಡಿಲವಾಗಿರಲಿಲ್ಲ. ತೇಪೆ ಹಾಕಿದ್ದರೂ ಹಾಲಿನಂಥ ಬಿಳಿ ಬಟ್ಟೆ ಹಾಸಿದ ಮೇಜು, ಬೆಳ್ಳಿಯ ಕಲಾಯಿಯ ತಾಟು, ಕಳಕಪ್ಪನ ತಲೆಗೆ ರುಮಾಲು, ಕೈಗೆ ಎರಡು ಬೆರಳು ಹೊರಬಂದ ಕೈಗವಸು. ಬಗಾರಾ ಅನ್ನ, ದಾಲ್ಚಾ, ಹುಳಿ ಬದನೆಕಾಯಿ, ಕೊನೆಗೆ ತುಪ್ಪದಲ್ಲಿ ಮುಳುಗಿ ಎದ್ದ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ. ಆ ಘಮಕ್ಕೆ ಗದಗಿನ ರೈಲು ಕೊಪ್ಪಳ ಸ್ಟೇಶನ್ನಿನಲ್ಲಿ ದಿನಾ ಎರಡು ನಿಮಿಷ ಹೆಚ್ಚಿಗೆ ನಿಲ್ಲುತ್ತಿತ್ತು, ಡ್ರೈವರ್ ಮೂಗು ಹೊರಗೆ ಹಾಕಿ ಕೂತಿರುತ್ತಿದ್ದ.

ಈ ಅಡಿಗೆಯೆಲ್ಲ ಕೆಳಗಿನ ಕೋಣೆಯ ಕಾಸೀಮಬೀಯ ಕೈಯದು. ಊಟ ಮೆಟ್ಟಿಲು ಹತ್ತಿ ಬರುತ್ತಿರಲಿಲ್ಲ. ಅಡಿಗೆಮನೆಯಿಂದ ಊಟದ ಹಾಲಿನ ಮೂಲೆಗೆ ಗೋಡೆಯೊಳಗೇ ಒಂದು ಗೂಡು ಕೊರೆದಿದ್ದರು. ಕೆಳಗೆ ಕಾಸೀಮಬೀ ಮರದ ಪೆಟ್ಟಿಗೆಯಲ್ಲಿ ತಾಟು ಇಟ್ಟು ಗೋಡೆ ತಟ್ಟಿದರೆ ಮೇಲೆ ಕಳಕಪ್ಪ ಹಗ್ಗ ಜಗ್ಗುತ್ತಿದ್ದ. ಉಂಡ ತಾಟು ಅದೇ ಪೆಟ್ಟಿಗೆಯಲ್ಲಿ ಕೆಳಗಿಳಿಯುತ್ತಿತ್ತು. ಹಾಗಾಗಿ ಗೋವಿಂದರಾಜ, ಕಾಸೀಮಬೀ ಇಪ್ಪತ್ನಾಲ್ಕು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ಕಂಡದ್ದು ಆರೇಳು ಸಲ. ಜಗಳಾಡಿದ್ದು ಮಾತ್ರ ದಿನಕ್ಕೆ ಎರಡು ಸಲ. ಉಂಡು ಕೈ ತೊಳೆದವನೇ ಗೂಡಿನೊಳಗೆ ತಲೆ ಹಾಕಿ ಅವನು ಕೂಗುತ್ತಿದ್ದ:

"ಏ ಬೀ! ಬದನಿಕಾಯಿಗೆ ಹುಳಿ ಹಿಂಡಿಯೋ, ಹುಣಸಿ ಗಿಡದ ಬೇರು ಕಿತ್ತು ಹಾಕಿಯೋ?"

ಕೆಳಗಿನಿಂದ ಉತ್ತರ ಗುಂಡಿನಂತೆ ಬರುತ್ತಿತ್ತು: "ನಿನ್ನ ನಾಲಿಗಿಗೆ ತುಕ್ಕು ಹಿಡದೈತಿ, ಹುಣಸಿಹಣ್ಣು ಹಚ್ಚಿ ತಿಕ್ಕೋ ಮುದುಕಾ!"

ಗೋವಿಂದರಾಜ ಇಲ್ಲಿ ಬಂದು ಸೇರಿದ್ದು ಎಪ್ಪತ್ನಾಲ್ಕನೇ ಇಸವಿಯಲ್ಲಿ. ಅವನ ಕೆಲಸ ನಿಜಾಮನ ಕಾಲದ ಉರ್ದು ಕಾಗದಪತ್ರ ಓದಿ ಹೇಳುವುದು. ಹೊಲ ಯಾರದು, ಬಾವಿ ಯಾರದು, ಓಣಿ ಎಲ್ಲಿಗೆ ಮುಗಿಯುತ್ತದೆ ಎಂಬುದೆಲ್ಲ ಆ ಗೆದ್ದಲು ತಿಂದ ಹಾಳೆಗಳಲ್ಲಿ ಮಲಗಿತ್ತು, ಅದನ್ನು ಎಬ್ಬಿಸಿ ಮಾತಾಡಿಸುವವನು ಕುಷ್ಟಗಿಯಿಂದ ಗಂಗಾವತಿಯ ತನಕ ಇವನೊಬ್ಬನೇ. ರಾಹತ್ ಮಂಜಿಲ್ ತಮ್ಮದೆಂದು ಹೈದರಾಬಾದಿನ ಯಾರೋ ದಾವೆ ಹೂಡಿದಾಗ, ಆಗಿನ ಮಾಲೀಕ ವಿರುಪಣ್ಣನ ಪರವಾಗಿ ಒಂದು ಅಂಗೈಯಗಲದ ಹಾಳೆ ಓದಿ ಇಡೀ ಮಹಲನ್ನು ಉಳಿಸಿಕೊಟ್ಟಿದ್ದ. ವಿರುಪಣ್ಣ ಸ್ಟಾಂಪು ಕಾಗದದ ಮೇಲೆ ಬರೆದುಕೊಟ್ಟ: ಗೋವಿಂದರಾಜ ಬದುಕಿರುವ ತನಕ ಏಳನೇ ಖೋಲಿ, ಎರಡು ಹೊತ್ತಿನ ಊಟ ಅವನದು, ಹೋಟೆಲಿನ ನಿಯಮವೊಂದನ್ನು ಅವನು ಮುರಿಯಬಾರದು, ಅಷ್ಟೇ.

ನಿಯಮ ಇದ್ದದ್ದೂ ಒಂದೇ. ಮಹಲು ಕಟ್ಟಿದ ಕಾಲದ ಮುಖ್ಯ ಬಾಣಸಿಗ ಬರೆಸಿದ್ದು. ಊಟದ ಹಾಲಿನ ಬಾಗಿಲ ಮೇಲೆ ಉರ್ದು, ಕನ್ನಡ, ಇಂಗ್ಲಿಷು ಮೂರರಲ್ಲೂ ಇತ್ತು: 'ತಾಟಿನಲ್ಲಿ ಅನ್ನ ಬಿಟ್ಟವರಿಗೆ ಖೋಲಿ ಇಲ್ಲ.' ಅರ್ಧ ಬದನೆಕಾಯಿ ಬಿಟ್ಟ ಒಬ್ಬ ನವಾಬನನ್ನು ಅವನ ಹನ್ನೆರಡು ಆಳು, ಆರು ಕುದುರೆ, ಒಂದು ಗಿಳಿಯ ಸಮೇತ ಆ ಬಾಣಸಿಗ ಬೀದಿಗೆ ಹಾಕಿದ್ದ ಎಂದು ಊರಲ್ಲಿ ಹೇಳುತ್ತಿದ್ದರು.

ವಿರುಪಣ್ಣ ಸತ್ತ. ಗಂಗಾವತಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದ ಮಗ ಶರಣಕುಮಾರ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಹೋದ ವರ್ಷ ಕೊಪ್ಪಳ ಜಿಲ್ಲೆಯಾದದ್ದೇ ತಡ, ಮನೆ ಸಿಗದ ಸಾಹೇಬರೆಲ್ಲ ರಾಹತ್ ಮಂಜಿಲ್‌ಗೆ ಮುಗಿಬಿದ್ದರು. ಒಂದು ಖೋಲಿಗೆ ನಾಲ್ಕು ಜನ ಕಾಯುವಾಗ ಬೀದಿಗೆ ಮುಖ ಮಾಡಿದ, ಎರಡು ಕಿಟಕಿಯ ಏಳನೇ ಖೋಲಿಯಲ್ಲಿ ಒಬ್ಬ ಮುದುಕ ಗೆದ್ದಲು ಕಾಗದ ಹರವಿಕೊಂಡು ಕೂತಿದ್ದು ಅವನ ಕಣ್ಣಿಗೆ ಕಸವಾಯಿತು.

"ಕಾಕಾ, ನಿಮಗ ತಂಗಿ ಮನಿ ಐತೆಲ್ಲ ಯಲಬುರ್ಗಾದಾಗ. ಈ ವಯಸ್ಸಿನ್ಯಾಗ ಹೋಟೆಲ್ ಯಾಕ?"

"ಲಲಿತಾನ ಮನ್ಯಾಗ ಮುಂಜಾನೆ ಉಪ್ಪಿಟ್ಟು, ಸಂಜಿಗೆ ಉಪ್ಪಿಟ್ಟು. ನಡುವ ಆಕಿ ಗಂಡನ ಭಾಷಣ. ನಾ ಇಲ್ಲೇ ಸಾಯಾಂವ."

"ಬಿಡ್ರಿ ಅಂದ್ರ ಬಿಡಂಗಿಲ್ಲೇನು?"

"ನಿಮ್ಮಪ್ಪ ಬರದಾನ ನೋಡು. ನಿನಗ ಓದಾಕ ಬರಲಿಲ್ಲಂದ್ರ ಹೇಳು, ನಾ ಓದತೀನಿ. ಅದೇ ನನ್ನ ಕಸುಬು."

ಶರಣಕುಮಾರ ಕಾಗದ ಓದಿದ. ಆಮೇಲೆ ಬಾಗಿಲ ಮೇಲಿನ ಬೋರ್ಡನ್ನೂ ಓದಿದ. ಮೂರು ಸಲ ಓದಿದ. ಆ ಸೋಮವಾರದಿಂದ ಏಳನೇ ಖೋಲಿಯ ತಾಟು ಬೇರೆಯಾಯಿತು.

ವಿಷಯ ಒಡೆದವನು ಕಳಕಪ್ಪ. ಉಪ್ಪಿನ ದಾಲ್ಚಾ ಉಂಡ ಸಂಜೆ ಖೋಲಿಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ.

"ಮಾಲೀಕರು ಕಾಸೀಮಬೀಗೆ ಹೇಳ್ಯಾರ್ರಿ. ನಿಮ್ಮ ತಾಟು ಕೆಡಸಬೇಕು ಅಂತ."

"ಆಕಿ ಏನಂದ್ಲು? ಅತ್ಲೇನು?"

"ಅಳೂದೆಲ್ಲಿದು! ನಕ್ಕಳ್ರಿ. 'ಇಪ್ಪತ್ನಾಕು ವರ್ಷ ನನ್ನ ಕೈಗೆ ಹೆಸರಿಟ್ಟಾನ, ಈಗ ನೋಡು, ಎರಡು ತುತ್ತಿಗೆ ಯಲಬುರ್ಗಾ ಬಸ್ಸು ಹತ್ತಸ್ತೀನಿ' ಅಂದ್ಲು. ಎರಡು ಮುಷ್ಟಿ ಉಪ್ಪು ತಾನ ಎತ್ತಿ ಹಾಕಿದ್ಲು."

"ಹಂಗೇನು!" ಗೋವಿಂದರಾಜ ಹಾಸಿಗೆಯ ಮೇಲೆ ಎದ್ದು ಕೂತ. ಮೈಗೆ ಇಪ್ಪತ್ತು ವರ್ಷ ಇಳಿದಂತಾಗಿತ್ತು. "ಇಬ್ಬರೂ ಸೇರಿ ಬಂದಾರ? ಬರಲಿ. ಕಳಕಪ್ಪಾ, ಗಾರಿ ಸುಣ್ಣ ಕಲಸಿ ಹಾಕಿದ್ರೂ ಉಣ್ಣತೀನಿ. ಉಂಡು 'ವಾಹ್' ಅಂತೀನಿ."

ಹಾಗೇ ಮಾಡಿದ. ಮಂಗಳವಾರ ಮಧ್ಯಾಹ್ನ ಬದನೆಕಾಯಿಯಲ್ಲಿ ಬೇವಿನ ಎಲೆ ಅರೆದು ಬಿದ್ದಿತ್ತು. ಅದರ ಕಹಿಗೆ ಗೊಂಚಲಿನ ಮೇಲಿನ ಪಾರಿವಾಳಗಳೂ ಮುಖ ತಿರುಗಿಸಿದವು. "ಬದನಿಕಾಯಿ ಅಂದ್ರ ಇದು!" ಎಂದ. ರಾತ್ರಿಯ ಡಬಲ್ ಕಾ ಮೀಠಾಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದರು. ಗೋವಿಂದರಾಜ ಇಡೀ ಹಾಲಿಗೆ ಕೇಳುವಂತೆ, "ಇದನ್ನ ಬಿಟ್ಟು ಸ್ವರ್ಗಕ್ಕ ಕರದ್ರೂ ಹೋಗಾಂವಲ್ಲ" ಎಂದು ಸಾರಿದ. ಪಕ್ಕದ ಮೇಜಿನ ಸಾಹೇಬರೊಬ್ಬರು ಆಸೆಪಟ್ಟು ತಮಗೂ ಅದೇ ಬೇಕೆಂದು ಹಟ ಹಿಡಿದರು. ಶರಣಕುಮಾರ ಅವರ ಕೈಕಾಲು ಹಿಡಿದು ಸಮಾಧಾನ ಮಾಡಬೇಕಾಯಿತು.

ಬುಧವಾರ ಅನ್ನದಲ್ಲಿ ಹರಳು. ಒಂದಲ್ಲ, ಎರಡಲ್ಲ, ಹಿರೇಹಳ್ಳದ ಅರ್ಧ ಪಾತ್ರವೇ ತಾಟಿನಲ್ಲಿತ್ತು. ಹನ್ನೊಂದು ಹಲ್ಲು ಹತ್ತಾದವು. ಉದುರಿದ್ದನ್ನು ಗೋವಿಂದರಾಜ ಅಂಗಿಯ ಜೇಬಿಗೆ ಹಾಕಿಕೊಂಡ.

"ಶರಣಾ, ನಿನ್ನ ಮಿಲ್ಲಿನ ಅಕ್ಕೀನ?"

"ಹೂಂ. ಯಾಕ?"

"ಭಾಳ ಛಲೋ ಅಕ್ಕಿ. ಹಳ್ಳು ಸುದ್ದಾ ಮೆತ್ತಗ ಬೆಂದಾವ."

ನಾಲ್ಕು ಮೇಜಿನ ಸಾಹೇಬರು ಗೊಳ್ಳೆಂದು ನಕ್ಕರು. ಶರಣಕುಮಾರ ಕುರ್ಚಿ ಒದ್ದು ಎದ್ದು ಹೋದ. ಗೋವಿಂದರಾಜ ಬಳಿದ ತಾಟನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಟ್ಟ. ಗೂಡಿನೊಳಗೆ ತಲೆ ಹಾಕಿ, ಗೆದ್ದವನ ದನಿಯಲ್ಲಿ ಕೂಗಿದ:

"ಏ ಬೀ! ಇಪ್ಪತ್ನಾಕು ವರ್ಷಕ್ಕ ಇವತ್ತು ಅಡಿಗಿ ಕಲತೆ ನೋಡು!"

ಗೋವಿಂದರಾಜ ಕಿವಿ ಗೂಡಿಗೆ ಹಚ್ಚಿ ಕಾದ. ಕೆಳಗೆ ಯಾವುದೋ ಪಾತ್ರೆ ನೆಲಕ್ಕೆ ಇಟ್ಟ ಸದ್ದು. ಆಮೇಲೆ ಮೆಟ್ಟಿಲಿನ ಮೇಲೆ ಹೆಜ್ಜೆ. ಒಂದು ಹೆಜ್ಜೆ, ಒಂದು ಉಸಿರು, ಇನ್ನೊಂದು ಹೆಜ್ಜೆ. ರಾಹತ್ ಮಂಜಿಲ್‌ನ ಮೆಟ್ಟಿಲು ಇಪ್ಪತ್ತೆರಡು. ಅವನ್ನು ಏರಲು ಕಾಸೀಮಬೀ ತೆಗೆದುಕೊಂಡ ಹೊತ್ತಿನಲ್ಲಿ ಒಬ್ಬ ಮನುಷ್ಯ ಹಂಪಿಗೆ ಹೋಗಿ ಬರಬಹುದಿತ್ತು. ಅಡಿಗೆಯವಳು ಊಟದ ಹಾಲಿಗೆ ಕಾಲಿಟ್ಟದ್ದನ್ನು ಆ ಗೋಡೆಗಳು ಎಂದೂ ಕಂಡಿರಲಿಲ್ಲ. ಕಳಕಪ್ಪ ಹೆದರಿ ರುಮಾಲು ಸರಿಪಡಿಸಿಕೊಂಡ.

ಗೋವಿಂದರಾಜ ನೆನಪಿಟ್ಟುಕೊಂಡಿದ್ದಕ್ಕಿಂತ ಅವಳು ಗಿಡ್ಡಗಿದ್ದಳು. ಸೆರಗಿನ ತುಂಬ ಅರಿಶಿನದ ಕಲೆ. ಕೈಯಲ್ಲಿ ಅವನು ಈಗಷ್ಟೇ ಇಳಿಬಿಟ್ಟ ತಾಟು. ಅದನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಇದೇನು?"

"ತಾಟು."

"ಇದರಾಗ ಏನೈತಿ?"

"ಏನೂ ಇಲ್ಲ. ಉಂಡೀನಿ. ಹೊಟ್ಟಿ ಉರೀತೇನು?"

"ಉರೀತೈತಿ," ಎಂದಳು ಕಾಸೀಮಬೀ. ದನಿ ಏರಿಸಲಿಲ್ಲ, ಅದಕ್ಕೇ ಗೋವಿಂದರಾಜನಿಗೆ ಅಳುಕಾಯಿತು. "ಕೇಳು. ನೀ ಮ್ಯಾಲಿಂದ ದಿನಾ ಬೊಗಳತಿದ್ದಿ. ಹುಳಿ ಅಂದಿ, ಖಾರ ಅಂದಿ, ನನ್ನ ಅಮ್ಮಗ ಅಡಿಗಿ ಬರತಿದ್ದಿಲ್ಲ ಅಂದಿ. ನಾ ನಕ್ಕೊಂತ ತಾಟು ನೋಡತಿದ್ದೆ. ಬೆಕ್ಕು ನೆಕ್ಕಿದಂಗ ಇರತಿತ್ತು. ಬೊಗಳೋ ಮುದುಕಾ, ನಿನ್ನ ಬಾಯಿ ಸುಳ್ಳು, ನಿನ್ನ ತಾಟು ಖರೇ, ಅಂತಿದ್ದೆ. ಸಾಹೇಬರು ಬರತಾರ, ಅರ್ಧ ಬಿಡತಾರ, ಅವರಿಗೆ ಯಾರೂ ಬೋರ್ಡು ತೋರಸಂಗಿಲ್ಲ, 'ಬಹುತ್ ಅಚ್ಛಾ' ಅಂತ ಹೋಗತಾರ. ಅವರ ಮಾತು ನನಗ ಬೇಕಾಗಿದ್ದಿಲ್ಲ. ಈ ಒಂದು ತಾಟು ಸಾಕಾಗಿತ್ತು."

"ಮಾಲೀಕ ಹೇಳಿದ, ನೀ ಕೆಡಿಸಿದಿ. ಈಗ ನನಗ್ಯಾಕ—"

"ಹೂಂ, ಕೆಡಿಸಿದೆ! ನೀ ತೊಲಗಲಿ ಅಂತ ಕೆಡಿಸಿದೆ. ಒಂದು ತುತ್ತು ಉಗಳತಿ ಅಂದಿದ್ದೆ. ಬೇವು ತಿಂದು ಬಳದಿ. ಹಳ್ಳು ತಿಂದು ಬಳದಿ." ತಾಟನ್ನು ತಿರುಗಿಸಿ ಬೆಳಕಿಗೆ ಹಿಡಿದಳು. "ಅದೂ ಹಿಂಗೇ ಇರತಿತ್ತು, ಇದೂ ಹಿಂಗೇ ಐತಿ. ಹಂಗಾರ ಇಷ್ಟು ವರ್ಷ ನಾ ಯಾರಿಗೆ ಅಡಿಗಿ ಮಾಡೀನಿ? ಕಲಗಚ್ಚಿನ ಬಾನಿಗೇನು?"

"ಖೋಲಿ ಹೋಗತೈತಿ, ಬೀ," ಎಂದ ಗೋವಿಂದರಾಜ.

"ಹೋಗಲಿ ಅಂತನ ಹಾಕೀನಿ. ನಿನ್ನ ಖೋಲಿ ಕಟಗೊಂಡು ನನಗೇನು?" ಅವಳು ತಾಟನ್ನು ಬಿಳಿ ಬಟ್ಟೆಯ ಮೇಲೆ ಕವುಚಿ ಹಾಕಿದಳು. "ನಾಳಿನೂ ಹಾಕತೀನಿ. ತಿನ್ನು. ಸಾಯೂತನಕ ತಿನ್ನು."

ಇಳಿಯುವಾಗ ಅವಳಿಗೆ ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕಳಕಪ್ಪ ಕೈ ಕೊಡಲು ಹೋಗಿ ಬೈಸಿಕೊಂಡ.

ಆ ಸಂಜೆ ಗೋವಿಂದರಾಜ ಕಾಗದ ಹರವಿಕೊಂಡು ಕೂತರೂ ಒಂದಕ್ಷರ ಕಣ್ಣಿಗೆ ಹತ್ತಲಿಲ್ಲ. ಹಾಳಾದವಳು ಎಂದು ನೂರು ಸಲ ಬೈದ. ಮಾಲೀಕನ ಮಾತಿಗೆ ಕುಣಿದವಳು ಅವಳು. ಬೇವು ಅರೆದವಳು ಅವಳು. ಉದುರಿದ ಹಲ್ಲು ಇವನದು. ಮೇಲಿಂದ ಬಂದು ಜಬರಿಸುವುದೂ ಅವಳೇ! ಎರಡು ಕಿಟಕಿಗಳ ಆಚೆ ಬೀದಿ, ಬೀದಿಯಾಚೆ ಕೋಟೆಯ ಗುಡ್ಡ. ಇಪ್ಪತ್ನಾಲ್ಕು ವರ್ಷದಿಂದ ಅದೇ ಬಂಡೆ, ಅದೇ ಬಿಸಿಲು. ಇದನ್ನು ಬಿಟ್ಟು ಲಲಿತಾಳ ಪಡಸಾಲೆಯಲ್ಲಿ, ಅವಳ ಗಂಡನ ಕುರ್ಚಿಯ ಪಕ್ಕದಲ್ಲಿ ಚಾಪೆ. ಇಲ್ಲ, ಸಾಧ್ಯವೇ ಇಲ್ಲ ಎಂದುಕೊಂಡ. ರಾತ್ರಿಯ ಊಟಕ್ಕೆ ಹೋದ. ಸುಟ್ಟ ಸಾರಿತ್ತು. ಉಂಡ. "ವಾಹ್" ಎನ್ನದೆಯೇ ಎದ್ದ. ಬಳಿದ ತಾಟನ್ನು ಪೆಟ್ಟಿಗೆಯಲ್ಲಿ ಇಡುವಾಗ ಅದು ಮಣ ಭಾರವಾಗಿತ್ತು.

ಗುರುವಾರ ಮಧ್ಯಾಹ್ನ ಊಟದ ಹಾಲು ಜನರಿಂದ ತುಂಬಿತ್ತು. ಮುದುಕನ ಸುದ್ದಿ ಕೇಳಿ ಹೊರಗಿನವರೂ ಉಣ್ಣಲು ಬಂದಿದ್ದರು. ಶರಣಕುಮಾರ ಎದುರಿಗೇ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ.

"ಕಾಕಾ, ಇವತ್ತು ದಾಲ್ಚಾ. ನಿಮಗ ಭಾಳ ಸೇರಿತ್ತಲ್ಲ, ಮತ್ತ ಮಾಡಿಸೀನಿ. ಎರಡರ ಜಾಗಾದಾಗ ನಾಕು ಮುಷ್ಟಿ."

"ಛಲೋ ಮಾಡಿದಿ."

ಗೋಡೆಯೊಳಗೆ ತಟ್ಟಿದ ಸದ್ದಾಯಿತು. ಕಳಕಪ್ಪ ಹಗ್ಗ ಜಗ್ಗಿದ. ತಾಟು ಬಂತು. ನೋಡಲು ಯಾವ ಐಬೂ ಇಲ್ಲ: ಅನ್ನ ಮಲ್ಲಿಗೆಯಂತಿತ್ತು, ದಾಲ್ಚಾದ ಮೇಲೆ ತುಪ್ಪದ ಒಗ್ಗರಣೆ ಚಿನ್ನದ ಬಣ್ಣಕ್ಕೆ ನಿಂತಿತ್ತು. ಗೋವಿಂದರಾಜ ಕಲಸಿದ. ಒಂದು ತುತ್ತು ಬಾಯಿಗಿಟ್ಟ; ಸೋಮವಾರದ ಎರಡರಷ್ಟು ಉಪ್ಪು. ಹಾಲಿನ ಮೂವತ್ತು ಜನ ಅಗಿಯುವುದನ್ನು ನಿಲ್ಲಿಸಿದರು, ಪಾರಿವಾಳಗಳು ಗುಟುರು ಹಾಕುವುದನ್ನು ನಿಲ್ಲಿಸಿದವು.

ಅವನು ಆ ತುತ್ತನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಆಮೇಲೆ ನುಂಗಿದ. ಆಮೇಲೆ ಲೋಟ ಎತ್ತಿ, ಕಲಸಿದ ಅನ್ನದ ಮೇಲೆಯೇ ಕೈ ತೊಳೆದ.

ಕಳಕಪ್ಪ "ಅಯ್ಯಯ್ಯೋ ಕಾಕಾರ" ಎಂದ. ಶರಣಕುಮಾರನ ಮೇಲಿನ ಕಾಲು ಕೆಳಗಿಳಿಯಿತು.

"ಬಿಟ್ರೇನು? ತಾಟು ಬಿಟ್ರೇನು?"

"ಕಣ್ಣು ಕಾಣಂಗಿಲ್ಲೇನು ನಿನಗ?"

"ಬೋರ್ಡು ಓದ್ರಿ ಕಾಕಾ! ಮೂರು ಭಾಷಾದಾಗ ಬರದಾರ!"

"ಏ, ನಾ ಓದಿದ್ದಕ್ಕ ನಿಮ್ಮಪ್ಪಗ ಈ ಮನಿ ಉಳದದ್ದು," ಎಂದು ಗೋವಿಂದರಾಜ ತಾಟು ಎತ್ತಿಕೊಂಡು ಎದ್ದ. ನೀರು, ಅನ್ನ, ದಾಲ್ಚಾ ಅಂಚಿಗೆ ತುಳುಕುತ್ತಿತ್ತು. ಒಂದು ಹನಿ ಚೆಲ್ಲದಂತೆ ಮೂಲೆಯ ತನಕ ನಡೆದ. ಪೆಟ್ಟಿಗೆಯಲ್ಲಿಟ್ಟ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಗೆ ಮಗು ಇಳಿಸುವವನಂತೆ, ಗೇಣು ಗೇಣಾಗಿ ಕೆಳಗೆ ಬಿಟ್ಟ. ಪೆಟ್ಟಿಗೆ ತಳ ಮುಟ್ಟಿದ್ದು ಕೈಗೆ ಗೊತ್ತಾಯಿತು. ಗೂಡಿಗೆ ತಲೆ ಹಾಕಿದ.

"ಬೀ."

"ಏನು?"

"ಉಣ್ಣಾಕಾಗಂಗಿಲ್ಲ. ಹೊಲಸಾಗೇತಿ."

ಕೆಳಗೆ ಪೆಟ್ಟಿಗೆಯಿಂದ ತಾಟು ಎತ್ತಿಕೊಂಡ ಸದ್ದಾಯಿತು.

ಅರ್ಧ ತಾಸಿನಲ್ಲಿ ಟ್ರಂಕು ಕಟ್ಟಿಯಾಯಿತು. ಕಾಗದಗಳೇ ಹೆಚ್ಚು, ಬಟ್ಟೆ ಎರಡು ಜೊತೆ. ಮುಂಬಾಗಿಲ ಮೆಟ್ಟಿಲಿನಲ್ಲಿ ಆಗಲೇ ಯಾರೋ ಸಾಹೇಬರ ಹೊಸ ಮಂಚ ಏರಿ ಬರುತ್ತಿತ್ತು. ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಅದನ್ನು ಬಿಡಿಸಲು ಶರಣಕುಮಾರ ನಾಲ್ಕು ಹಮಾಲರ ಮೇಲೆ ಹರಿಹಾಯುತ್ತಿದ್ದ. "ಹಿಂದಿನ ಬಾಗಲಿಂದ ಹೋಗ್ರಿ ಕಾಕಾ, ಇಲ್ಲಿ ಜಾಗಾ ಇಲ್ಲ," ಎಂದ, ತಿರುಗಿಯೂ ನೋಡದೆ. ಕಳಕಪ್ಪ ಟ್ರಂಕಿಗೆ ಕೈ ಹಾಕಲು ಬಂದ. "ಸರಿ ಅತ್ತಾಗ," ಎಂದು ಗೋವಿಂದರಾಜ ತಾನೇ ಹೆಗಲಿಗೇರಿಸಿದ.

ಹಿತ್ತಿಲ ಓಣಿ ಇಕ್ಕಟ್ಟು. ಅಡಿಗೆಮನೆಯ ಹೊಸ್ತಿಲಲ್ಲಿ ಕಾಸೀಮಬೀ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹರಳು ಆರಿಸಿ ಆರಿಸಿ ಬಲಗಡೆ ಚೆಲ್ಲುತ್ತಿದ್ದಳು. ಒಲೆಯ ಮೇಲೆ ಈರುಳ್ಳಿ ಕೆಂಪಗಾಗುವ ವಾಸನೆ. ಗೋವಿಂದರಾಜ ನಿಂತ. ಅವಳು ತಲೆ ಎತ್ತಲಿಲ್ಲ.

"ಇನ್ನ ಯಾರ ಅಡಿಗಿಗೆ ಹೆಸರಿಡತಿ?"

"ತಂಗಿ ಅದಾಳ."

"ಪಾಪ," ಎಂದಳು ಮೊರಕ್ಕೆ. "ಯಾವ ಪಾಪ ಮಾಡಿದ್ಲೋ."

"ನಿನ್ನಷ್ಟು ಮಾಡಿಲ್ಲ ಬಿಡು."

ಹೆಗಲ ಮೇಲೆ ಟ್ರಂಕು ಜಾರುತ್ತಿತ್ತು. ಅವನು ಅದನ್ನು ಇಳಿಸಿ, ಹಿಡಿಕೆ ಹಿಡಿದು ನೆಲದ ಮೇಲೆ ಎಳೆಯತೊಡಗಿದ. ಹಾಸುಗಲ್ಲಿನ ಮೇಲೆ ತಗಡು ಕಿರುಗುಟ್ಟಿತು. ಕಾಸೀಮಬೀ ಮೊರ ಆಡಿಸುತ್ತಲೇ ಎರಡೂ ಕಾಲುಗಳನ್ನು ಮಡಚಿ ಒಳಗೆ ತೆಗೆದುಕೊಂಡಳು. ಟ್ರಂಕು ಪೂರ್ತಿ ದಾಟುವ ತನಕ ಮಡಚಿಯೇ ಇಟ್ಟುಕೊಂಡಿದ್ದಳು.